ಉಳಿಸು ಅಂದರೆ ಉಳಿಸು, ಬೀಗ ಬದಲಾಯಿಸು ಅಂತಲ್ಲ!

ಈ ವಿಷಯದ ಬಗ್ಗೆ ಬರೆಯಬೇಕು ಅಂದುಕೊಂಡು ಎಷ್ಟೋ ವರ್ಷವಾಯಿತು. ಪ್ರತಿ ಸಲ ಎರಡು ಪ್ಯಾರಾ ಬರೆದು, "ಇದನ್ನೆಲ್ಲ ಯಾರು ಓದ್ತಾರೆ" ಅನ್ನಿಸಿ ಡ್ರಾಫ್ಟಿನಲ್ಲೇ ಬಿಟ್ಟುಬಿಡುತ್ತಿದ್ದೆ. ಮೊನ್ನೆ ಅಕ್ಕನ ಮಗಳು ಫೋನ್ ಮಾಡಿದಳು. ಕಾಲೇಜಿನ ಲ್ಯಾಬಿನ ಸರ್ವರಿನಲ್ಲಿ ನಾಲ್ಕು ಜನ ಸೇರಿ ಪ್ರಾಜೆಕ್ಟ್ ರಿಪೋರ್ಟ್ ಬರೀತಿದ್ದಾರಂತೆ. "ಮಾಮ, ನಾನು ಸೇವ್ ಮಾಡಿದ ಮೇಲೆ ಬೇರೆ ಯಾರಿಗೂ ಅದು ಓಪನ್ನೇ ಆಗ್ತಿಲ್ಲ. ನಾನೇನೂ ಮಾಡಿಲ್ಲ, ಎರಡು ಸಾಲು ಟೈಪ್ ಮಾಡಿದೆ ಅಷ್ಟೇ" ಅಂದಳು.

"ನಾನೇನೂ ಮಾಡಿಲ್ಲ"... ಇದೇ ಮಾತನ್ನ ನಾನೂ ಒಮ್ಮೆ ಹೇಳಿದ್ದೆ. ಅದು 2008. ಆ ದಿನದ ಕಥೆ ಹೇಳಿದರೆ ನನಗೆ ಇವತ್ತಿಗೂ ಇದರ ಮೇಲೆ ಯಾಕಿಷ್ಟು ಸಿಟ್ಟು ಅಂತ ನಿಮಗೆ ಗೊತ್ತಾದೀತು.

ಆಗ ನಾನು ಬೆಂಗಳೂರಿನ ಒಂದು ಪುಟ್ಟ ಆಫೀಸಿನಲ್ಲಿದ್ದೆ. ನಾವೊಂದಷ್ಟು ಜನ ಸೇರಿ ರಕ್ತದಾನಿಗಳ ಪಟ್ಟಿಯೊಂದನ್ನು ಮಾಡಿಟ್ಟುಕೊಂಡಿದ್ದೆವು. ಹೆಸರು, ರಕ್ತದ ಗುಂಪು, ಫೋನ್ ನಂಬರ್, ಕೊನೆಯ ಸಲ ರಕ್ತ ಕೊಟ್ಟ ತಾರೀಖು, ಇಷ್ಟೇ. ಆಫೀಸಿನ ಲಿನಕ್ಸ್ ಸರ್ವರಿನಲ್ಲಿ ಎಲ್ಲರಿಗೂ ಸಿಗುವ ಒಂದು ಫೋಲ್ಡರಿನಲ್ಲಿ ಆ ಕಡತ ಇತ್ತು. ಗುಂಪಿನವರು ಯಾರು ಬೇಕಾದರೂ ತೆರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಒಂದು ಶುಕ್ರವಾರ ಸಂಜೆ ಊರಿಗೆ ಹೊರಡುವ ಮುಂಚೆ, ಇಬ್ಬರ ನಂಬರ್ ಬದಲಾಗಿದೆ ಅಂತ ನೆನಪಾಗಿ, ಕಡತ ತೆರೆದು ಎರಡೂ ನಂಬರ್ ಸರಿಮಾಡಿ ಉಳಿಸಿದೆ. ರಾತ್ರಿ ಬಸ್ ಹತ್ತಿದೆ. ಸಾಗರದ ಹತ್ತಿರದ ನಮ್ಮೂರಲ್ಲಿ ಆಗ ಮೊಬೈಲ್ ಸಿಗ್ನಲ್ ಬೇಕು ಅಂದ್ರೆ ಮನೆ ಹಿಂದಿನ ಗುಡ್ಡ ಹತ್ತಬೇಕಿತ್ತು.

ಶನಿವಾರ ರಾತ್ರಿ ನಮ್ಮ ಸಹೋದ್ಯೋಗಿಯೊಬ್ಬರ ತಂದೆಗೆ ತುರ್ತಾಗಿ ಬಿ ನೆಗೆಟಿವ್ ರಕ್ತ ಬೇಕಾಯಿತು. ಅವರು ಆಫೀಸಿನ ಸರ್ವರಿಗೆ ಲಾಗಿನ್ ಆಗಿ ಪಟ್ಟಿ ತೆರೆಯಲು ಹೋದರೆ "ಪರ್ಮಿಶನ್ ಡಿನೈಡ್". ಇನ್ನೊಬ್ಬರು ಪ್ರಯತ್ನಿಸಿದರು, ಅದೇ ಉತ್ತರ. ಸರ್ವರ್ ನೋಡಿಕೊಳ್ಳುವವರು ಯಾವುದೋ ಮದುವೆಗೆ ಹೋಗಿದ್ದರು. ನನ್ನ ಫೋನಂತೂ ಸ್ವಿಚ್ ಆಫ್ ಅಂತಲೇ ಹೇಳುತ್ತಿತ್ತಂತೆ. ನೋಟಿಸ್ ಬೋರ್ಡಿಗೆ ಯಾವತ್ತೋ ಅಂಟಿಸಿದ್ದ ಹಳೇ ಪ್ರಿಂಟ್‌ಔಟ್ ಇದೆ ಅಂತ ಯಾರಿಗೋ ನೆನಪಾಗಿ, ಸೆಕ್ಯೂರಿಟಿಯವರಿಗೆ ಫೋನ್ ಮಾಡಿ ಓದಿಸಿಕೊಂಡರಂತೆ. ಅದರಲ್ಲಿದ್ದ ಬಿ ನೆಗೆಟಿವ್ ದಾನಿ ಒಬ್ಬರೇ, ಅವರ ನಂಬರ್ ಹಳೆಯದು. ನಾನು ಶುಕ್ರವಾರ ಸರಿಮಾಡಿದ್ದು ಅದೇ ನಂಬರ್!

ಕೊನೆಗೆ ಬೇರೆ ಯಾರದೋ ಮೂಲಕ ರಕ್ತ ಸಿಕ್ಕಿತು, ಅವರ ತಂದೆ ಹುಷಾರಾದರು. ಆದರೆ ಎರಡು ಗಂಟೆ ಹೋಗಿತ್ತು. ಸೋಮವಾರ ಆಫೀಸಿಗೆ ಹೋದಾಗ ಅವರು ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು: "ಯಾಕ್ ಲಾಕ್ ಮಾಡಿ ಹೋದ್ರಿ?" ನಾನು ಹೇಳಿದ್ದು, "ನಾನೇನೂ ಮಾಡಿಲ್ಲ ಸಾರ್". ಅವರು ನಂಬಲಿಲ್ಲ ಅಂತ ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

* * *

ಹಾಗಾದರೆ ಆಗಿದ್ದೇನು? ಲಿನಕ್ಸ್ ಚೆನ್ನಾಗಿ ಬಲ್ಲವರು ಈ ಪ್ಯಾರಾ ಹಾರಿಸಿ ಮುಂದೆ ಹೋಗಬಹುದು. ಪ್ರತಿ ಕಡತಕ್ಕೂ ಒಬ್ಬ ಯಜಮಾನ, ಒಂದು ಗುಂಪು ಇರುತ್ತದೆ. ಯಜಮಾನನಿಗೆ, ಗುಂಪಿನವರಿಗೆ, ಉಳಿದ ಎಲ್ಲರಿಗೆ ಅಂತ ಮೂರು ಅಂಕಿಯಲ್ಲಿ ಅನುಮತಿ ಬರೆದಿರುತ್ತದೆ. ಓದಲು 4, ಬರೆಯಲು 2, ಚಲಾಯಿಸಲು 1. ಕೂಡಿದರೆ ಒಂದೊಂದು ಅಂಕಿ. ನಮ್ಮ ಪಟ್ಟಿಯ ಅನುಮತಿ 660 ಇತ್ತು. ಅಂದರೆ ಯಜಮಾನನೂ ಗುಂಪಿನವರೂ ಓದಬಹುದು, ಬರೆಯಬಹುದು, ಹೊರಗಿನವರಿಗೆ ಏನೂ ಇಲ್ಲ. ನಾನು ಉಳಿಸಿದ ಮೇಲೆ ಅದು 600 ಆಗಿತ್ತು. ಯಜಮಾನನ ಜಾಗದಲ್ಲಿ ನನ್ನ ಹೆಸರು ಬಂದು ಕೂತಿತ್ತು. ಆ ಪಟ್ಟಿ ಮೊದಲು ಮಾಡಿದವರು ಬೇರೆಯವರು, ಅವರಿಗೇ ಈಗ ಪ್ರವೇಶ ಇಲ್ಲ!

ನಾನು ಬಳಸಿದ ತಂತ್ರಾಂಶ ಕಡತ ಉಳಿಸುವಾಗ ಮಾಡಿದ್ದು ಇಷ್ಟು. ಮೊದಲು ಅದೇ ಫೋಲ್ಡರಿನಲ್ಲಿ ಒಂದು ತಾತ್ಕಾಲಿಕ ಕಡತ ಹುಟ್ಟಿಸಿತು. ತಾತ್ಕಾಲಿಕ ಕಡತ ಮಾಡಲು ಸಾಮಾನ್ಯವಾಗಿ ಬಳಸುವ ಎಂಕೆಸ್ಟೆಂಪ್ ಅನ್ನುವ ಫಂಕ್ಷನ್, ಬೇರೆಯವರು ಇಣುಕದಿರಲಿ ಅಂತ ಕಡತವನ್ನು 600 ಅನುಮತಿಯಲ್ಲೇ ಮಾಡುತ್ತದೆ. ಅದು ಸರಿಯೇ. ಆಮೇಲೆ ನನ್ನ ಪಠ್ಯವನ್ನೆಲ್ಲ ಅದರೊಳಗೆ ಬರೆಯಿತು. ಕೊನೆಗೆ ಆ ತಾತ್ಕಾಲಿಕ ಕಡತಕ್ಕೆ ಹಳೆಯ ಕಡತದ ಹೆಸರಿಟ್ಟಿತು. ಹೆಸರಿಟ್ಟ ಕ್ಷಣವೇ ಹಳೆಯದು ಅಲ್ಲಿಂದ ಮಾಯ. ಅಲ್ಲಿಗೆ "ಉಳಿಸುವ" ಕೆಲಸ ಮುಗಿಯಿತು. ಹಳೆಯ ಕಡತಕ್ಕೆ ಯಾರು ಯಜಮಾನರಿದ್ದರು, ಯಾರಿಗೆ ಏನು ಅನುಮತಿ ಇತ್ತು ಅಂತ ಅದು ತಿರುಗಿ ನೋಡಲೇ ಇಲ್ಲ.

ಹಳ್ಳಿಯ ಹಾಲಿನ ಸೊಸೈಟಿಯನ್ನು ನೆನಪಿಸಿಕೊಳ್ಳಿ. ಅಲ್ಲೊಂದು ಲೆಕ್ಕದ ಪುಸ್ತಕ ಇರುತ್ತದೆ. ನೀವು ಹೋಗಿ ಅದರಲ್ಲಿ ಒಂದು ಸಾಲು ಬರೆಯಬೇಕು. ಗುಮಾಸ್ತ ಏನು ಮಾಡುತ್ತಾನೆ ಅಂದರೆ ಅಂಗಡಿಯಿಂದ ಹೊಸ ಪುಸ್ತಕ ತಂದು, ಹಳೆಯದನ್ನೆಲ್ಲ ಅದಕ್ಕೆ ನಕಲು ಮಾಡಿ, ನಿಮ್ಮ ಸಾಲನ್ನೂ ಸೇರಿಸಿ, ರಟ್ಟಿನ ಮೇಲೆ ಪುಸ್ತಕದ ಹಳೇ ಹೆಸರನ್ನೇ ಬರೆದು, ಒಳಗೆ "ಇದು ಇವರ ಸ್ವಂತದ್ದು" ಅಂತ ನಿಮ್ಮ ಹೆಸರು ಬರೆದು, ನಿಮ್ಮ ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತಾನೆ. ಹಳೆಯ ಪುಸ್ತಕ ಒಲೆಗೆ. ನಿಮಗೆ ಒಂದು ಮಾತೂ ಹೇಳುವುದಿಲ್ಲ. ಮಾರನೇ ದಿನ ಊರವರೆಲ್ಲ ನಿಮ್ಮನ್ನು ಬೈಯುತ್ತಾರೆ.

ಇಂಥ ಗುಮಾಸ್ತನನ್ನು ನೀವು ಒಂದು ದಿನವಾದರೂ ಇಟ್ಟುಕೊಳ್ಳುತ್ತೀರಾ? ತಂತ್ರಾಂಶವನ್ನು ಮಾತ್ರ ಯಾಕೆ ಇಟ್ಟುಕೊಳ್ಳುತ್ತೇವೆ?

* * *

ನನ್ನ ವಾದ ಬಹಳ ಸರಳ. ನಾನು "ಉಳಿಸು" ಅಂದಾಗ ತಂತ್ರಾಂಶಕ್ಕೆ ಕೊಟ್ಟ ಅಧಿಕಾರ ಒಂದೇ, ಒಳಗಿರುವ ವಿಷಯವನ್ನು ಬದಲಾಯಿಸುವುದು. ಯಾರು ಓದಬೇಕು, ಯಾರು ಬರೆಯಬೇಕು ಅನ್ನುವುದು ಬೇರೆಯದೇ ನಿರ್ಧಾರ. ಅದನ್ನು ಯಾರೋ ಯೋಚಿಸಿ ಮಾಡಿರುತ್ತಾರೆ. ಒಂದು ಅಕ್ಷರ ತಿದ್ದಿದ ಮಾತ್ರಕ್ಕೆ ಆ ನಿರ್ಧಾರ ನನ್ನ ಕೈಗೆ ಬರುವುದಿಲ್ಲ, ನನ್ನ ಪರವಾಗಿ ತಂತ್ರಾಂಶದ ಕೈಗಂತೂ ಖಂಡಿತ ಬರುವುದಿಲ್ಲ. ಉಳಿಸುವ ಮೊದಲು ಹೇಗಿತ್ತೋ ಉಳಿಸಿದ ಮೇಲೂ ಹಾಗೇ ಇರಬೇಕು. ಹಾಗೆ ಇಡಲು ಆಗದಿದ್ದರೆ ಮೊದಲೇ ಹೇಳಬೇಕು. ಸುಮ್ಮನೆ ಬದಲಾಯಿಸುವುದು ಮೋಸ.

ಇದನ್ನು ಹೇಳಿದಾಗಲೆಲ್ಲ ಪ್ರೋಗ್ರಾಮರ್ ಗೆಳೆಯರು ಒಂದು ಉತ್ತರ ಕೊಡುತ್ತಾರೆ. "ನೇರವಾಗಿ ಹಳೆಯ ಕಡತದ ಮೇಲೇ ಬರೆಯಲು ಹೋಗಿ ಮಧ್ಯದಲ್ಲಿ ಕರೆಂಟ್ ಹೋದರೆ? ಹಳೆಯದೂ ಇಲ್ಲ, ಹೊಸದೂ ಇಲ್ಲ. ಅದಕ್ಕೇ ಪಕ್ಕದಲ್ಲಿ ಬರೆದು ಹೆಸರು ಬದಲಾಯಿಸುವುದು." ಈ ಮಾತಿನಲ್ಲಿ ಹುರುಳಿದೆ, ಇಲ್ಲ ಅನ್ನುವುದಿಲ್ಲ. ಹೆಸರು ಬದಲಾಯಿಸುವ ಕ್ರಿಯೆ ಯುನಿಕ್ಸ್ ವ್ಯವಸ್ಥೆಗಳಲ್ಲಿ ಅಖಂಡ. ಆ ಹೆಸರಿನಲ್ಲಿ ಒಂದೋ ಪೂರ್ತಿ ಹಳೆಯದು ಕಾಣುತ್ತದೆ, ಇಲ್ಲವೋ ಪೂರ್ತಿ ಹೊಸದು. 2009ರಲ್ಲಿ ಇಎಕ್ಸ್‌ಟಿ4 ಕಡತ ವ್ಯವಸ್ಥೆ ಹೊಸದಾಗಿ ಬಳಕೆಗೆ ಬರುತ್ತಿದ್ದಾಗ ಎದ್ದ ಗಲಾಟೆ ನೆನಪಿರಬಹುದು. ಸಿಸ್ಟಂ ಕ್ರ್ಯಾಶ್ ಆಗಿ ಮತ್ತೆ ಶುರುವಾದರೆ, ಸ್ವಲ್ಪ ಮುಂಚೆ ಉಳಿಸಿದ್ದ ಕಡತಗಳು ಸೊನ್ನೆ ಬೈಟಿನವಾಗಿ ಖಾಲಿ ಕೂತಿರುತ್ತಿದ್ದವು. ಅದನ್ನು ನಿರ್ವಹಿಸುತ್ತಿದ್ದ ಥಿಯೋಡೋರ್ ಸೋ, ಡಿಸ್ಕಿಗೆ ಬರೆಯುವುದು ಖಾತ್ರಿಯಾಗಬೇಕಾದರೆ ಎಫ್‌ಸಿಂಕ್ ಮಾಡಿ ಅಂತ ಪ್ರೋಗ್ರಾಮರುಗಳಿಗೆ ವಿವರಿಸಿದ್ದಲ್ಲದೆ, ತಾವೂ ಇಎಕ್ಸ್‌ಟಿ4ಕ್ಕೆ ತಿದ್ದುಪಡಿ ಮಾಡಬೇಕಾಯಿತು. ಆದ್ದರಿಂದ ಮಾಹಿತಿ ಕಳೆದುಹೋಗದಂತೆ ಉಳಿಸುವುದು ಮುಖ್ಯ, ಒಪ್ಪಿದೆ.

ಆದರೆ ಸ್ವಾಮಿ, ಕಳ್ಳರ ಭಯಕ್ಕೆ ಮನೆಯನ್ನೇ ಬೇರೆಯವರ ಹೆಸರಿಗೆ ಬರೆದುಕೊಡುತ್ತೀರಾ? ಪಕ್ಕದಲ್ಲಿ ಬರೆದು ಹೆಸರು ಬದಲಾಯಿಸುವುದರಲ್ಲಿ ತಪ್ಪಿಲ್ಲ. ಬದಲಾಯಿಸುವ ಮುನ್ನ ಹಳೆಯ ಕಡತದ ಗುಂಪು, ಅನುಮತಿಗಳನ್ನು ಹೊಸದಕ್ಕೆ ಹಚ್ಚದಿರುವುದು ತಪ್ಪು. ಇದಕ್ಕೆ ಬೇಕಾಗುವುದು ನಾಲ್ಕಾರು ಸಾಲು ಕೋಡ್. ಯಜಮಾನ ಬೇರೆಯವರಾಗಿದ್ದರೆ ಅದು ಸಾಲದು ನಿಜ, ಯಾಕೆಂದರೆ ಲಿನಕ್ಸಿನಲ್ಲಿ ಸಾಮಾನ್ಯ ಬಳಕೆದಾರ ಕಡತವನ್ನು ಇನ್ನೊಬ್ಬರ ಹೆಸರಿಗೆ ಮಾಡಲಾಗುವುದಿಲ್ಲ. ಆಗ ಹಳೆಯದರ ಒಂದು ಪ್ರತಿಯನ್ನು ಪಕ್ಕಕ್ಕೆ ತೆಗೆದಿಟ್ಟು, ಮೂಲ ಕಡತದ ಒಳಗೇ ಬರೆದು, ಡಿಸ್ಕಿಗೆ ಹೋಯಿತು ಅಂತ ಖಾತ್ರಿಯಾದ ಮೇಲೆ ಪ್ರತಿಯನ್ನು ಅಳಿಸಿದರಾಯಿತು. ಮಧ್ಯೆ ಕರೆಂಟ್ ಹೋದರೂ ಪ್ರತಿ ಇದ್ದೇ ಇರುತ್ತದೆ.

ಇದೇನು ನಾನು ಕಂಡುಹಿಡಿದ ಬ್ರಹ್ಮವಿದ್ಯೆ ಅಲ್ಲ. ವಿಮ್ ಬಳಸುವವರು "ಬ್ಯಾಕಪ್‌ಕಾಪಿ" ಅನ್ನುವ ಆಯ್ಕೆ ನೋಡಿ. ಅದನ್ನು "ಆಟೋ" ಅಂತ ಇಟ್ಟರೆ, ಹೆಸರು ಬದಲಾಯಿಸುವ ದಾರಿಯಲ್ಲಿ ಯಜಮಾನಿಕೆ, ಅನುಮತಿ ಕೆಡುವಂತಿದ್ದರೆ ಅದು ಮೂಲ ಕಡತದ ಒಳಗೇ ಬರೆಯುತ್ತದೆ. ಈಮ್ಯಾಕ್ಸ್‌ನಲ್ಲೂ ಯಜಮಾನ ಅಥವಾ ಗುಂಪು ಬದಲಾಗುವ ಸಂದರ್ಭದಲ್ಲಿ ಹೀಗೇ ಮಾಡು ಅನ್ನುವ ಆಯ್ಕೆ ಇದೆ. ಗ್ನೋಮ್ ತಂತ್ರಾಂಶಗಳ ತಳಪಾಯವಾದ ಜಿಲಿಬ್, ಮೊದಲು ತಾತ್ಕಾಲಿಕ ಕಡತದ ದಾರಿ ಹಿಡಿದು, ಅನುಮತಿ ಉಳಿಸಲಾಗದಿದ್ದರೆ ಮೂಲದ ಒಳಗೇ ಬರೆಯುವ ದಾರಿಗೆ ಹೊರಳುತ್ತದೆ. ವಿಂಡೋಸಿನಲ್ಲಿ ರಿಪ್ಲೇಸ್‌ಫೈಲ್ ಅನ್ನುವ ಫಂಕ್ಷನ್ ಇರುವುದೇ ಇದಕ್ಕೆ, ಹೊಸ ಕಡತ ಹಳೆಯದರ ಜಾಗಕ್ಕೆ ಬರುವಾಗ ಹಳೆಯದರ ಪ್ರವೇಶ ಪಟ್ಟಿಯನ್ನು ಅದು ಉಳಿಸಿಕೊಡುತ್ತದೆ. ಅಂದರೆ ದಾರಿ ಗೊತ್ತಿದೆ, ಬೇಕಾದ ಹತಾರ ಸಿದ್ಧವಿದೆ. ಆದರೂ ಬಳಸುವುದಿಲ್ಲ ಅಂದರೆ ಅದನ್ನು ತಾಂತ್ರಿಕ ತೊಡಕು ಅಂತ ಕರೆಯಲು ನಾನು ತಯಾರಿಲ್ಲ. ಅಸಡ್ಡೆ ಅದು. ಬರೆದವನ ಲ್ಯಾಪ್‌ಟಾಪಿನಲ್ಲಿ ಅವನೊಬ್ಬನೇ ಇರುತ್ತಾನೆ, ಅವನಿಗೆ ಈ ತೊಂದರೆ ಯಾವತ್ತೂ ಕಾಣುವುದಿಲ್ಲ. ಹಂಚಿಕೊಂಡು ಬದುಕುವವರ ಪಾಡು ಒಂಟಿ ಮನೆಯವನಿಗೆ ಹೇಗೆ ಗೊತ್ತಾಗಬೇಕು?

* * *

ಕಥೆಯ ಉತ್ತರಾರ್ಧ ಇನ್ನೂ ಇದೆ. ಆ ಸೋಮವಾರ ಸರ್ವರ್ ನೋಡಿಕೊಳ್ಳುವವರು ಬಂದರು. ಪಾಪ, ಅವರಿಗೂ ಬೈಗುಳ ಬಿದ್ದಿತ್ತು. ಅವರು ಎಲ್ಲವನ್ನೂ ಸರಿಯಾಗೇ ಹೊಂದಿಸಿದ್ದರು. ಹೊಸ ಕಡತಗಳು ತಾನಾಗಿ ಗುಂಪಿಗೆ ಸೇರಲಿ ಅಂತ ಫೋಲ್ಡರಿಗೆ ಸೆಟ್‌ಜಿಐಡಿ ಹಾಕಿದ್ದರು, ಗುಂಪಿನವರಿಗೆ ಬರೆಯಲು ಬರಲಿ ಅಂತ ಯುಮಾಸ್ಕ್ 002 ಇಟ್ಟಿದ್ದರು. ಆದರೆ ತಂತ್ರಾಂಶ 600 ಅಂತಲೇ ಹುಟ್ಟಿಸಿದ ಮೇಲೆ ಯುಮಾಸ್ಕ್ ಏನು ಮಾಡೀತು? ಅದು ಅನುಮತಿಯನ್ನು ಕಳೆಯಬಲ್ಲದು, ಕೂಡಲಾರದು. ಸಿಟ್ಟಿನಲ್ಲಿ ಅವರು ಇಡೀ ಫೋಲ್ಡರಿಗೆ 777 ಹೊಡೆದರು. ಯಾರು ಬೇಕಾದರೂ ಓದಿ, ಯಾರು ಬೇಕಾದರೂ ಬರೆಯಿರಿ, ಇನ್ನು ನನ್ನನ್ನು ಕೇಳಬೇಡಿ!

ನೆಗಡಿ ಆಯಿತು ಅಂತ ಮೂಗು ಕೊಯ್ದುಕೊಂಡರಂತೆ, ಹಾಗಾಯಿತು. ಕೆಲವು ವಾರ ಎಲ್ಲರೂ ಖುಷಿ. ಆಮೇಲೆ ನಮ್ಮ ಪಟ್ಟಿಯಲ್ಲಿದ್ದ ಮಹಿಳಾ ಸಹೋದ್ಯೋಗಿಯೊಬ್ಬರಿಗೆ ಯಾರೋ ರಾತ್ರಿ ಹೊತ್ತು ಫೋನ್ ಮಾಡಿ ಪೀಡಿಸಲು ಶುರುಮಾಡಿದರು. ನಂಬರ್ ನಮ್ಮ ಪಟ್ಟಿಯಿಂದಲೇ ಹೋಯಿತು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಹೋಗಿಲ್ಲ ಅಂತಲೂ ಹೇಳುವ ಹಾಗಿರಲಿಲ್ಲ, ಅಷ್ಟು ಸಾಕಾಯಿತು. ಅವರು ತಮ್ಮ ಹೆಸರು ತೆಗೆಸಿದರು. ಅವರನ್ನು ನೋಡಿ ಇನ್ನೂ ಕೆಲವರು ತೆಗೆಸಿದರು. ಒಂದು ವರ್ಷದೊಳಗೆ ಆ ಪಟ್ಟಿ ಸತ್ತುಹೋಯಿತು. ಒಳ್ಳೆಯ ಕೆಲಸವೊಂದು ಸತ್ತಿದ್ದು ಯಾರ ಕೆಟ್ಟತನದಿಂದಲೂ ಅಲ್ಲ. ನಾಲ್ಕಾರು ಸಾಲು ಕೋಡ್ ಬರೆಯದಿದ್ದದ್ದರಿಂದ.

ಅನುಮತಿ ಅನ್ನುವುದು ಬರೀ ಅಡ್ಡಿ, ತಲೆನೋವು ಅಂತ ಜನ ಅಂದುಕೊಳ್ಳಲು ಇದೇ ಕಾರಣ. ತಂತ್ರಾಂಶ ಹೇಳದೆ ಕೇಳದೆ ಬಿಗಿ ಮಾಡುತ್ತದೆ, ಜನ ರೋಸಿ ಪೂರ್ತಿ ಸಡಿಲ ಮಾಡುತ್ತಾರೆ. ಕೆಲವೊಮ್ಮೆ ತಂತ್ರಾಂಶ ತಾನೇ ಸಡಿಲ ಮಾಡುವುದೂ ಉಂಟು, ಅದು ಇನ್ನೂ ಅಪಾಯ. ಒಂದು ಉದಾಹರಣೆ. ಒಂದು ಕಡತದಲ್ಲಿ ಗುಂಪಿಗೆ ಏನೂ ಅನುಮತಿ ಇಲ್ಲ, ಆದರೆ ಪ್ರವೇಶ ಪಟ್ಟಿಯಲ್ಲಿ ಒಬ್ಬರ ಹೆಸರು ಹಾಕಿ ಅವರಿಗೆ ಮಾತ್ರ ಓದಲು, ಬರೆಯಲು ಬಿಟ್ಟಿದ್ದೀರಿ ಅಂದುಕೊಳ್ಳಿ. ಲಿನಕ್ಸಿನಲ್ಲಿ ಅಂಥ ಕಡತದ ಮೂರಂಕಿ ನೋಡಿದರೆ 660 ಅಂತಲೇ ಕಾಣುತ್ತದೆ. ಪ್ರವೇಶ ಪಟ್ಟಿ ಇರುವಾಗ ನಡುವಿನ ಅಂಕಿ ಗುಂಪಿನದ್ದಲ್ಲ, ಪಟ್ಟಿಯ ಗರಿಷ್ಠ ಮಿತಿ. ಇದು ಗೊತ್ತಿಲ್ಲದ ತಂತ್ರಾಂಶ "ನಾನು ಅನುಮತಿ ಉಳಿಸುತ್ತೇನೆ ನೋಡಿ" ಅಂತ 660ನ್ನು ಮಾತ್ರ ಹೊಸ ಕಡತಕ್ಕೆ ಹಚ್ಚಿ, ಪಟ್ಟಿಯನ್ನು ಬಿಟ್ಟುಬಿಟ್ಟರೆ? ಹೆಸರಿದ್ದ ಒಬ್ಬರು ಹೊರಗೆ, ಇಡೀ ಗುಂಪು ಒಳಗೆ! ಅರ್ಧಂಬರ್ಧ ಉಳಿಸುವುದು ಉಳಿಸದೇ ಇರುವುದಕ್ಕಿಂತ ಕೆಟ್ಟದ್ದು.

ಇನ್ನೊಂದು ಸೋಜಿಗ. ಒಂದು ಕಡತವನ್ನು ಯಾರೂ ತಿದ್ದದಿರಲಿ ಅಂತ ನೀವು ಓದಲು ಮಾತ್ರ ಬರುವಂತೆ ಮಾಡಿ ಇಡುತ್ತೀರಿ. ಆದರೆ ಫೋಲ್ಡರಿನಲ್ಲಿ ಬರೆಯುವ ಅನುಮತಿ ಇರುವ ಯಾರೇ ಆದರೂ ಹೊಸ ಕಡತ ಮಾಡಿ ಅದರ ಹೆಸರನ್ನು ನಿಮ್ಮದರ ಮೇಲೆ ಕೂರಿಸಬಹುದು, ಸ್ಟಿಕಿ ಬಿಟ್ ಹಾಕಿಲ್ಲದಿದ್ದರೆ. ಯಾಕೆಂದರೆ ಹೆಸರು ಫೋಲ್ಡರಿಗೆ ಸೇರಿದ್ದು, ಕಡತಕ್ಕಲ್ಲ. ವ್ಯವಸ್ಥೆ ಇದನ್ನು ಬಿಡುತ್ತದೆ ಅನ್ನುವುದು ನಿಜ. ಆದರೆ ವ್ಯವಸ್ಥೆ ಬಿಡುತ್ತದೆ ಅಂತ ತಂತ್ರಾಂಶ ನನ್ನನ್ನು ಒಂದು ಮಾತೂ ಕೇಳದೆ ಆ ಕೆಲಸ ಮಾಡಬೇಕಾ? ಬೇಲಿಯಲ್ಲಿ ಕಿಂಡಿ ಇದೆ ಅಂತ ನಾವು ದಿನಾ ಅಲ್ಲೇ ನುಗ್ಗಿ ಓಡಾಡುತ್ತೇವಾ?

* * *

"ಈಗೆಲ್ಲ ಗೂಗಲ್ ಡಾಕ್ಸ್ ಕಾಲ ಮಾರಾಯ, ಇನ್ನೂ ಕಡತ, ಫೋಲ್ಡರ್ ಅಂತ ಕೂತಿದ್ದೀಯಲ್ಲ" ಅಂತ ನಿಮ್ಮಲ್ಲಿ ಕೆಲವರು ಬರೆಯುತ್ತೀರಿ ಅಂತ ಗೊತ್ತು :-) ನನ್ನ ವಾದಕ್ಕೆ ಅದೇ ದೊಡ್ಡ ಸಾಕ್ಷಿ ಅನ್ನುತ್ತೇನೆ. ಅಲ್ಲಿ ನೀವು ಒಂದು ಸಾಲು ತಿದ್ದಿದರೆ ಹಂಚಿಕೆಯ ಪಟ್ಟಿ ಬದಲಾಗುತ್ತದಾ? ಇಲ್ಲ. ಯಜಮಾನ ಬದಲಾಗುತ್ತಾನಾ? ಇಲ್ಲ. ವಿಷಯ ಬೇರೆ, ಪ್ರವೇಶ ಬೇರೆ ಅಂತ ಅಲ್ಲಿ ಬೇರ್ಪಡಿಸಿದ್ದಾರೆ. ಜನ ಅತ್ತ ಹೋಗಿದ್ದಕ್ಕೆ ಈ ನೆಮ್ಮದಿಯೂ ಒಂದು ಕಾರಣ ಅಂತ ನನ್ನ ಲೆಕ್ಕ. ಆದರೆ ಅಲ್ಲೂ 777 ಇದೆ, ಅದರ ಹೆಸರು "ಲಿಂಕ್ ಇರುವ ಯಾರಾದರೂ". ಹೆಸರು ಹೆಸರಾಗಿ ಸೇರಿಸಲು ಬೇಜಾರಾಗಿ ನಾವೆಲ್ಲ ಒಮ್ಮೆಯಾದರೂ ಅದನ್ನು ಒತ್ತಿದವರೇ. ಅದಿರಲಿ, ಸಣ್ಣ ಆಫೀಸುಗಳು, ಕಾಲೇಜಿನ ಲ್ಯಾಬುಗಳು, ಪತ್ರಿಕೆಯ ಡೆಸ್ಕುಗಳು ಇವತ್ತಿಗೂ ಒಂದು ಸರ್ವರ್, ಒಂದು ಶೇರ್ಡ್ ಫೋಲ್ಡರ್ ಇಟ್ಟುಕೊಂಡೇ ನಡೆಯುತ್ತಿವೆ. ಅಕ್ಕನ ಮಗಳು ಫೋನ್ ಮಾಡಿದ್ದು ಮೊನ್ನೆ ತಾನೆ?

"ಬಳಕೆದಾರರಿಗೆ ಇದನ್ನೆಲ್ಲ ಕೇಳಿದರೆ ಗಾಬರಿಯಾಗುತ್ತಾರೆ" ಅನ್ನುವುದು ಇನ್ನೊಂದು ನೆಪ. ಕೇಳುವ ರೀತಿಯಲ್ಲಿ ಕೇಳಿದರೆ ಯಾಕೆ ಗಾಬರಿಯಾಗುತ್ತಾರೆ? "ಹೀಗೆ ಉಳಿಸಿದರೆ ನಿಮ್ಮ ಗುಂಪಿನ ಉಳಿದವರು ಈ ಕಡತವನ್ನು ತೆರೆಯಲಾಗುವುದಿಲ್ಲ. ಬೇರೆ ಹೆಸರಿನಲ್ಲಿ ಉಳಿಸಲೇ?" ಇಷ್ಟು ಕೇಳಿದ್ದರೆ ಆ ಶುಕ್ರವಾರ ನಾನು ಬಸ್ ತಪ್ಪಿಸಿಕೊಂಡಾದರೂ ಸರಿಮಾಡಿ ಹೋಗುತ್ತಿದ್ದೆ. ಕನ್ನಡಕ್ಕೆ ತಂತ್ರಾಂಶ ಅನುವಾದ ಮಾಡುವ ಗೆಳೆಯರು ನಮ್ಮಲ್ಲಿ ಇದ್ದೀರಿ, ನಿಮಗೊಂದು ಮಾತು. "ಅನುಮತಿಯನ್ನು ನಿರಾಕರಿಸಲಾಗಿದೆ" ಅಂತ ಬರೆಯುತ್ತೇವಲ್ಲ, ಯಾರು ನಿರಾಕರಿಸಿದರು? ಯಾಕೆ? ಯಾರನ್ನು ಕೇಳಬೇಕು? ಸರ್ಕಾರಿ ಕಚೇರಿಯ ಹಿಂಬರಹದ ಹಾಗಿದೆ ಅದು. ಮೂಲ ಸಂದೇಶವೇ ಮೊಂಡಾಗಿದ್ದರೆ ಅನುವಾದ ಏನು ಮಾಡೀತು ಅನ್ನಬೇಡಿ, ಮೂಲದವರಿಗೂ ಒಂದು ಬಗ್ ಬರೆದು ಹಾಕಿ.

ತಂತ್ರಾಂಶ ಬರೆಯುವವರಿಗೆ ನನ್ನ ಬೇಡಿಕೆ ಇಷ್ಟೇ. ಇರುವ ಕಡತವನ್ನು ಉಳಿಸುವಾಗ ಯಜಮಾನ, ಗುಂಪು, ಅನುಮತಿ, ಪ್ರವೇಶ ಪಟ್ಟಿ ಎಲ್ಲವನ್ನೂ ಇದ್ದ ಹಾಗೇ ಬಿಡಿ. ತಾತ್ಕಾಲಿಕ ಕಡತವನ್ನು ಬಿಗಿಯಾಗಿಯೇ ಹುಟ್ಟಿಸಿ, ಗುಂಪು ಸರಿಮಾಡಿ, ಆಮೇಲೆ ಎಷ್ಟು ಬೇಕೋ ಅಷ್ಟೇ ಸಡಿಲಿಸಿ, ಆಮೇಲೆ ಹೆಸರಿಡಿ. ಮೊದಲೇ ಸಡಿಲವಾಗಿ ಹುಟ್ಟಿಸಿ ಆಮೇಲೆ ಬಿಗಿ ಮಾಡಿದರೆ ನಡುವಿನ ಕ್ಷಣದಲ್ಲಿ ಯಾರಾದರೂ ಓದಿಬಿಡಬಹುದು. ಹೊಸ ಕಡತವಾದರೆ ಫೋಲ್ಡರಿನ ರೀತಿ ಹೇಗಿದೆಯೋ ಹಾಗೆ ನಡೆಯಲಿ, ನಿಮ್ಮ ಸ್ವಂತ ಮಡಿವಂತಿಕೆ ತೂರಿಸಬೇಡಿ. ಇದ್ದ ಹಾಗೆ ಇಡಲು ಆಗದಿದ್ದರೆ ನಿಂತು ಕೇಳಿ. ಯಾವ ಕಾರಣಕ್ಕೂ, ಯಾರಿಗೂ ಹೇಳದೆ, ಇದ್ದದ್ದಕ್ಕಿಂತ ಹೆಚ್ಚು ಜನರಿಗೆ ಬಾಗಿಲು ತೆಗೆಯಬೇಡಿ.

ಅಕ್ಕನ ಮಗಳಿಗೆ ಆವತ್ತು ಫೋನಿನಲ್ಲೇ ಅನುಮತಿ 660 ಮಾಡಿಸಿದೆ, ರಿಪೋರ್ಟ್ ಎಲ್ಲರಿಗೂ ತೆರೆದುಕೊಂಡಿತು. "777 ಹಾಕಿದ್ರೆ ಸುಲಭ ಅಂತ ಫ್ರೆಂಡ್ ಹೇಳ್ದ ಮಾಮ" ಅಂದಳು. ಬೇಡ ಕಣೇ ಅಂತ ಹೇಳಿ ರಕ್ತದಾನಿಗಳ ಪಟ್ಟಿಯ ಕಥೆ ಹೇಳಿದೆ. ಪೂರ್ತಿ ಕೇಳಿದಳು, ಕೊನೆಗೆ ಕೇಳಿದ್ದು ಒಂದೇ: "ಆ ಸಾರ್ ಆಮೇಲಾದ್ರೂ ನಿನ್ನ ನಂಬಿದ್ರಾ?"

ಗೊತ್ತಿಲ್ಲ. ನಾನು ಆ ಆಫೀಸ್ ಬಿಟ್ಟು ಬಹಳ ವರ್ಷವಾಯಿತು. ಅವರು ಎಲ್ಲಿದ್ದಾರೋ, ಕನ್ನಡ ಬ್ಲಾಗು ಓದುತ್ತಾರೋ ಇಲ್ಲವೋ. ಓದುತ್ತಿದ್ದರೆ, ಸಾರ್, ನಾನು ನಿಜವಾಗಲೂ ಬರೀ ಎರಡು ನಂಬರ್ ತಿದ್ದಿದ್ದೆ.

ನಿಮಗೂ ಹೀಗೆ ಆಗಿದ್ದರೆ ಬರೆಯಿರಿ. ಯಾವ ತಂತ್ರಾಂಶ, ಉಳಿಸುವ ಮೊದಲು ಅನುಮತಿ ಏನಿತ್ತು, ಆಮೇಲೆ ಏನಾಯಿತು ಅಂತ ತಿಳಿಸಿದರೆ ಒಟ್ಟಿಗೆ ಸೇರಿಸಿ ಅದನ್ನು ಮಾಡಿದವರಿಗೇ ಕಳಿಸೋಣ.